ಕಣ್ಣು ಕತ್ತಲೆ ಅಂದರೆ ಚಕ್ಕರ್ ಅಲ್ಲ

ಕಳೆದ ವರ್ಷ ದೀಪಾವಳಿ ಮುಗಿದ ವಾರ. ಹೊಗೆಯೋ ಮಂಜೋ ತಿಳಿಯದ ಆ ದಿನಗಳಲ್ಲಿ ದೆಹಲಿಯಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣುವುದಿಲ್ಲ. ಬಲಗಣ್ಣಿನಲ್ಲಿ ಕರಿ ಚುಕ್ಕೆಗಳು ತೇಲಿದಂತಾದಾಗ ನಾನು ಹೊಗೆಗೇ ಶಾಪ ಹಾಕಿ, ಕಣ್ಣು ತೊಳೆದು, ಮಗಳು ಶ್ರುತಿಯ ಜೊತೆ ಕ್ಯಾಬ್ ಹತ್ತಿದೆ. ಅಂದು ನನ್ನ ಡಯಾಲಿಸಿಸ್ ಇತ್ತು.

ಸಕ್ಕರೆ ಕಾಯಿಲೆ ನನ್ನ ಕಿಡ್ನಿಗಳನ್ನು ತಿಂದುಹಾಕಿದೆ. ಮಯೂರ್ ವಿಹಾರ್‌ನ ಮನೆಯಿಂದ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಮೆಷಿನ್ನಿಗೆ ಕೈ ಒಪ್ಪಿಸಿ ಮಲಗುತ್ತೇನೆ. ನನ್ನ ಹಿಂದಿ ತರಕಾರಿ ಭಯ್ಯಾನ ಜೊತೆ ಜಗಳಕ್ಕೆ ಸಾಕು, ಕಾಯಿಲೆ ವಿವರಿಸಲು ಸಾಲದು. ಆಸ್ಪತ್ರೆಯಲ್ಲಿ, ದೆಹಲಿಯಲ್ಲೇ ಹುಟ್ಟಿ ಬೆಳೆದ ಶ್ರುತಿಯೇ ನನ್ನ ಬಾಯಿ.

ಡಯಾಲಿಸಿಸ್ ಅರ್ಧ ಮುಗಿದಿರಬಹುದು. ಬಲಗಣ್ಣಿಗೆ ಕೆಂಪುಗಪ್ಪು ಪರದೆಯೊಂದು ಇಳಿಯಿತು.

"ಶ್ರುತೀ, ಕಣ್ಣು ಕತ್ತಲೆ ಬರ್ತಿದೆ ಕಣೇ" ಎಂದೆ.

ಮನೆಯಲ್ಲಿ ತಲೆ ಸುತ್ತಿದಾಗಲೆಲ್ಲ ನಾನು ಹೇಳುವುದು ಇದೇ ಮಾತು. ಅವಳು ತಕ್ಷಣ, "ಸಿಸ್ಟರ್, ಮಮ್ಮೀ ಕೋ ಚಕ್ಕರ್ ಆ ರಹಾ ಹೈ" ಎಂದು ಕೂಗಿದಳು. ಡಯಾಲಿಸಿಸ್‌ನಲ್ಲಿ ಬಿಪಿ ಇಳಿದು ತಲೆ ಸುತ್ತುವುದು ಎಲ್ಲರಿಗೂ ಇದ್ದದ್ದೇ. ನರ್ಸ್ ಓಡಿಬಂದು ತಲೆಯ ಕಡೆ ಮಂಚ ತಗ್ಗಿಸಿ, ಕಾಲು ಎತ್ತರಿಸಿದಳು. ನನ್ನ ಕತ್ತಲೆ ಇನ್ನಷ್ಟು ದಟ್ಟವಾಯಿತು.

"ತಲೆ ಸುತ್ತಲ್ಲ ಕಣೇ, ಕತ್ತಲೆ!"

"ಹಾಂ ಅಮ್ಮ, ಅದೇ ಹೇಳ್ದೆ. ಟೆನ್ಶನ್ ಮಾಡ್ಕೋಬೇಡ, ಅಭೀ ಠೀಕ್ ಆಗತ್ತೆ."

"ಬಿಪಿ ತೋ ಠೀಕ್ ಹೈ" ಎಂದು ನರ್ಸ್ ಗೊಣಗಿದಳು.

ಕೈಯಲ್ಲಿ ಸೂಜಿ, ಏಳುವಂತಿಲ್ಲ. ಇಲ್ಲಿ ಕಣ್ಣೇ ಹೋಗುತ್ತಿದೆ, ಇವರು ಕಾಲು ಎತ್ತುತ್ತಿದ್ದಾರೆ! ಬಾಯಿಗೆ ಬಂದ ಹಿಂದಿಯಲ್ಲಿ, "ಸಿಸ್ಟರ್, ಲೈಟ್ ಚಲೀ ಗಯೀ!" ಎಂದು ಕಿರುಚಿದೆ. ಕರೆಂಟ್ ಹೋದಾಗ ಇಲ್ಲಿ ಹೇಳುವ ಮಾತು ಅದು. ಆಕೆ ಪಾಪ, ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿ, "ಲೈಟ್ ತೋ ಹೈ, ಆಂಟೀಜೀ" ಎಂದಳು.

ಇನ್ನೊಂದು ಕೈಯಿಂದ ಎಡಗಣ್ಣು ಮುಚ್ಚಿಕೊಂಡೆ. ಎದುರಿಗಿದ್ದ ಶ್ರುತಿ ಮಾಯವಾದಳು. "ಇಸ್ ಆಂಖ್ ಮೇ ಕುಛ್ ನಹೀಂ!" ಎಂದು ಅತ್ತುಬಿಟ್ಟೆ.

ಆಗ ಇಬ್ಬರಿಗೂ ಅರ್ಥವಾಯಿತು. ನರ್ಸ್ ರಕ್ತ ಹೆಪ್ಪುಗಟ್ಟದಿರಲು ಕೊಡುತ್ತಿದ್ದ ಔಷಧಿ ನಿಲ್ಲಿಸಿ, ನನ್ನ ತಲೆ ಎತ್ತರಿಸಿ, ಡಾಕ್ಟರನ್ನು ಕರೆದಳು. ಸಕ್ಕರೆಯಿಂದ ಸೊರಗಿದ ರಕ್ತನಾಳ ಒಡೆದು ಕಣ್ಣೊಳಗೆ ರಕ್ತ ತುಂಬಿದೆ ಎಂದರು ಕಣ್ಣಿನ ಡಾಕ್ಟರು. ದೃಷ್ಟಿ ಬರುತ್ತದೆಯೇ ಎಂದರೆ, ಕಾದು ನೋಡಬೇಕು ಎಂದರು. ಡಯಾಲಿಸಿಸ್ ಬಿಡುವಂತಿಲ್ಲ, ಆ ಔಷಧಿಯಿಲ್ಲದೆ ಮಾಡುತ್ತಾರಂತೆ. ಮತ್ತೆ ಅದೇ ಮಂಚಕ್ಕೆ ಹೋಗುವಾಗ ಶ್ರುತಿಯ ಕೈ ಬಿಡಲಿಲ್ಲ. ಡಯಾಲಿಸಿಸ್ ಬಿಟ್ಟರೆ ಜೀವ ಹೋಗುತ್ತದೆ, ಮಾಡಿಸಿಕೊಂಡರೆ ಎಲ್ಲಿ ಕಣ್ಣು ಹೋಗುತ್ತದೋ ಎಂಬ ಹೆದರಿಕೆ.

ಕೆಲವು ವಾರಗಳ ನಂತರ, ಕಣ್ಣಿಗೆ ಇಂಜೆಕ್ಷನ್ ಎಲ್ಲ ಆದಮೇಲೆ, ಕತ್ತಲೆ ನಿಧಾನವಾಗಿ ತಿಳಿಯಾಗತೊಡಗಿತು. ಶ್ರುತಿ ನನ್ನ ಎಡಗಣ್ಣು ಮುಚ್ಚಿ, ಬೆರಳು ತೋರಿಸಿ, "ಎಷ್ಟು, ಅಮ್ಮ?" ಎಂದಳು.

"ಬೆರಳು ಆಮೇಲೆ. ಮೊದಲು ಕಣ್ಣೊರೆಸಿಕೋ" ಎಂದೆ.

ದೃಷ್ಟಿ ಪೂರ್ತಿ ಮರಳಿಲ್ಲ, ಭಯವೂ ಹೋಗಿಲ್ಲ. ಈಗಲೂ ಮೆಷಿನ್ ಶುರುವಾದೊಡನೆ ಒಂದೊಂದೇ ಕಣ್ಣು ಮುಚ್ಚಿ ಮಗಳ ಮುಖ ಹುಡುಕುತ್ತೇನೆ. ಎರಡರಲ್ಲೂ ಅವಳು ಸಿಗುವವರೆಗೆ ನನಗೆ ಉಸಿರಾಡಲು ಆಗುವುದಿಲ್ಲ.