ದೇರಪ್ಪನ ನೊಣದ ಬೇಟೆ

ದೇರಪ್ಪನದು ಬೇಟೆಗೆ ಹೆಸರಾದ ಮನೆತನ. ಈಗ ಕಾಡುಹಂದಿಗೂ ಗುರಿಯಿಡುವ ಹಾಗಿಲ್ಲ. ಗೋಡೆಯ ಕೋವಿ ಕೈಲ್ ಮುಹೂರ್ತದ ಆಯುಧಪೂಜೆಯ ದಿನ ಹೂ ಮುಡಿದು ಮತ್ತೆ ಸುಮ್ಮನಾಗುತ್ತದೆ. ಆದರೆ ಹುಟ್ಟುಗುಣ ಎಲ್ಲಿ ಹೋದೀತು? ಅದು ಹೋಗಿ ಹಣ್ಣುನೊಣದ ಮೇಲೆ ಬಿತ್ತು.

ಕಿತ್ತಳೆಗೆ ನೊಣ ಬಿದ್ದಿದೆಯೆಂದು ತೋಟಗಾರಿಕೆ ಇಲಾಖೆಯ ಮೋನಿಷಾ ಮೇಡಂ ಬಂದು, ಮರಕ್ಕೊಂದು ಬಾಟಲಿ ಕಟ್ಟಿ ತೋರಿಸಿದ್ದರು. ಒಳಗೆ ಗಂಡು ನೊಣವನ್ನು ಮರುಳುಮಾಡುವ ಮದ್ದು.

"ಕಾಟ ಎಷ್ಟಿದೆ ಅಂತ ತಿಳಿಯೋಕೆ ಇದು. ಹಣ್ಣಲ್ಲಿ ಮೊಟ್ಟೆ ಇಡೋದು ಹೆಣ್ಣು. ಉದುರಿದ ಹಣ್ಣು ಹೆಕ್ಕಿ ಹೂಳಿ, ಇಲ್ಲಾಂದ್ರೆ ಅದರೊಳಗಿನ ಹುಳಾನೇ ಮತ್ತೆ ನೊಣ ಆಗುತ್ತೆ," ಎಂದರು.

ದೇರಪ್ಪನ ತಲೆಗೆ ಹೋದದ್ದು ಬಾಟಲಿ ಮಾತ್ರ. ಅದಕ್ಕೆ ಹಳದಿ ಬಣ್ಣ ಬಳಿದ, ತೂತು ಹಿಗ್ಗಿಸಿದ, ಮಳೆಗೆ ತೆಂಗಿನ ಚಿಪ್ಪಿನ ಟೊಪ್ಪಿ ಇಟ್ಟ. ನೊಣ ರಾಶಿ ಬಿತ್ತು. ಹುಲಿ ಹೊಡೆದವನ ಗತ್ತಿನಲ್ಲಿ ಬಾಟಲಿ ಹಿಡಿದು ಊರೆಲ್ಲ ತಿರುಗಿದ. ಉದುರಿದ ಹಣ್ಣನ್ನು ದಿನಾ ಹೂಳುತ್ತಿದ್ದ ಪಕ್ಕದ ತೋಟದ ಕುಟ್ಟಪ್ಪನ ಬಾಟಲಿಯಲ್ಲಿ ಮೂರೋ ನಾಲ್ಕೋ ನೊಣ. ಪಾಪ, ಅವನಿಗೆ ಬೇಟೆಯ ಕೈಯೇ ಇಲ್ಲವೆಂದು ದೇರಪ್ಪ ಮರುಗಿದ.

ಹೆಂಡತಿ ಪೂವಮ್ಮನಿಗೆ ಬೇರೆ ಚಿಂತೆ. ಬಸುರಿ ಮಗಳು ಅಶ್ವಿತಾ ಕಕ್ಕಬೆಯಿಂದ ತವರಿಗೆ ಬರುವವಳಿದ್ದಳು. ಅವಳ ಬಯಕೆಯೆಲ್ಲ ಮನೆಯ ಕಿತ್ತಳೆಯ ಮೇಲೆ.

"ಬಿದ್ದ ಹಣ್ಣ್ ಹೆಕ್ಕಿ ಹೂಳೊಕು," ಎಂದು ಪೂವಮ್ಮ ಬುಟ್ಟಿ ಎತ್ತಿದಳು.

"ಮುಟ್ಟಬೇಡ! ಹಣ್ಣ್ ಹೂಳಿರೆ ನೊಣ ಎಲ್ಲಿಂದ ಬೀಳುದು?" ಎಂದು ದೇರಪ್ಪ ಅಡ್ಡ ನಿಂತ. ಬೇಟೆ ಕಡಿಮೆಯಾದರೆ ಕುಟ್ಟಪ್ಪನ ಮುಂದೆ ಮಾನ ಉಳಿದೀತೆ? ಮರದಡಿ ಹಣ್ಣು ಕೊಳೆಯುತ್ತ ಬಿತ್ತು, ಬಾಟಲಿ ತುಂಬುತ್ತ ಹೋಯಿತು.

ಅಶ್ವಿತಾ ಬಂದವಳೇ ತೋಟಕ್ಕೆ ನಡೆದು, ಕೈಗೆಟಕಿದ ಹಣ್ಣು ಕಿತ್ತು ಸುಲಿದಳು. ತೊಳೆಯ ನಡುವೆ ಬಿಳಿ ಹುಳ ಮಿಸುಕಾಡಿತು. ಇನ್ನೊಂದರಲ್ಲೂ ಅದೇ. ಮೂರನೆಯದನ್ನು ಅವಳು ಸುಲಿಯಲೇ ಇಲ್ಲ, ಕಣ್ಣು ತುಂಬಿತ್ತು. ದೇರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪೂವಮ್ಮ ಖಾಲಿ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಕುಟ್ಟಪ್ಪನ ಮನೆಯ ಕಡೆ ನೋಡಿದಳು, ಅಷ್ಟೆ.

ದೇರಪ್ಪ ಅಲ್ಲಿಗೆ ಹೋದಾಗ ಕುಟ್ಟಪ್ಪ ಬುಟ್ಟಿ ತುಂಬಾ ಚೊಕ್ಕ ಕಿತ್ತಳೆ ಕೊಯ್ದುಕೊಟ್ಟ. ಕಳಿಸಿಕೊಡುವಾಗ ಗೇಟಿನ ಹತ್ತಿರ ಮರ್ಯಾದೆಗೆಂದು ಕೇಳಿದ: "ಬೇಟೆ ಹೇಂಗೆ, ದೇರಪ್ಪಣ್ಣ?"

"ಇಂದ್ ಒಂದೂ ಬಿದ್ದಿಲ್ಲೆ," ಎಂದ ದೇರಪ್ಪ. ಆ ಮನೆತನದಲ್ಲಿ ಬೇಟೆಯ ಲೆಕ್ಕ ಕಡಿಮೆ ಮಾಡಿ ಸುಳ್ಳು ಹೇಳಿದವನು ಅವನೇ ಮೊದಲು.