ಮೊಮ್ಮಗಳ ವಿಮಾನದ ಆಯಿಲ್ ಕೂಲರ್

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ರೇಡಿಯೇಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅದರ ಹತ್ತಿರ ಕೈ ಮಗುಚಿ ಹಿಡಿದೇ ಹೇಳಬಲ್ಲೆ. ಮಾರೇನಹಳ್ಳಿಯಲ್ಲಿ ನಮ್ಮ ಯಜಮಾನರದು ಲಾರಿ ರೇಡಿಯೇಟರ್ ರಿಪೇರಿ ಅಂಗಡಿ ಇತ್ತು. ಅವರು ಬೆಸುಗೆ ಹಾಕುತ್ತಿದ್ದರು, ನಾನು ತೊಟ್ಟಿಯಲ್ಲಿ ಮುಳುಗಿಸಿ ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದೆ. ಅವರು ಹೋದರು, ಅಂಗಡಿಯೂ ಹೋಯಿತು. ಈಗ ದೀಪಾಂಜಲಿ ನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಎಲ್ಲರೂ ಒಳ್ಳೆಯವರೇ. "ಊಟ ಆಯ್ತಾ?" ಎಂದು ಕೇಳುತ್ತಾರೆ. ಅದರಾಚೆಗೆ ನನ್ನನ್ನು ಯಾರಾದರೂ ಏನಾದರೂ ಕೇಳಿ ವರ್ಷಗಳಾಗಿದ್ದವು.

ಹಾಗಿರುವಾಗ ಮಗಳ ಮಗಳು ಬಂದು, "ಅಜ್ಜಿ, ನನ್ನ ವಿಮಾನಕ್ಕೆ ರೇಡಿಯೇಟರ್ ಆರಿಸಿಕೊಡ್ತೀಯಾ?" ಎಂದಳು. ಕೆಂಗೇರಿಯ ಶೆಡ್ಡೊಂದರಲ್ಲಿ ಅವಳು ಎರಡು ಸೀಟಿನ ವಿಮಾನವನ್ನು ತಾನೇ ಕಟ್ಟುತ್ತಿದ್ದಾಳೆ. ಅದಕ್ಕೆ ಹಳೇ ಕಾರಿನ ರೋಟರಿ ಇಂಜಿನ್. ಅದರಲ್ಲಿ ಪಿಸ್ಟನ್ನೇ ಇಲ್ಲ, ಮೂರು ಮೂಲೆಯ ರೋಟರ್ ಗಿರಗಿರ ಸುತ್ತುತ್ತದೆ.

ಗುಜರಿಯಲ್ಲಿ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಲಾರಿ ಲೆಕ್ಕದಲ್ಲೇ ಆರಿಸಿದೆ. ಇಂಜಿನ್ನಿನ ನೀರು ತಣಿಸಲು ದೊಡ್ಡ ರೇಡಿಯೇಟರ್, ಆಯಿಲ್‌ಗೆ ಅಂಗೈಯಗಲದ ಕೂಲರ್.

"ಆಯಿಲ್‌ಗೆ ಇಷ್ಟೇ ಸಾಕಾ ಅಜ್ಜಿ? ಈ ಇಂಜಿನ್ನು..."

"ನಲವತ್ತು ವರ್ಷ ನೋಡಿದೀನಿ ಕಣೇ, ಸುಮ್ನಿರು."

ವಿಮಾನವನ್ನು ಕಂಬಕ್ಕೆ ಕಟ್ಟಿ ಇಂಜಿನ್ ಓಡಿಸಿದಳು. ನೀರಿನ ಬಿಸಿ ತೋರಿಸುವ ಮುಳ್ಳು ಕೆಳಗೇ ನಿಂತಿತು. ಆಯಿಲ್ ಮುಳ್ಳು ಏರಿ ಏರಿ ಕೆಂಪು ಮುಟ್ಟಿತು. ಅವಳು ಇಂಜಿನ್ ನಿಲ್ಲಿಸಿದಳು. ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಅಜ್ಜಿ, ಕೂತ್ಕೋ" ಎಂದಳು. ಮನೆಯವರೂ ಹೀಗೇ ಮಾತಾಡುವುದು. ಇನ್ನು ಇವಳೂ ನನ್ನನ್ನು ಏನೂ ಕೇಳುವುದಿಲ್ಲ ಅನ್ನಿಸಿತು.

ಕೂರಲಿಲ್ಲ. ಹೋಗಿ ಕೈ ಮಗುಚಿ ಹಿಡಿದೆ. ನೀರಿನ ರೇಡಿಯೇಟರ್ ಮೇಲ್ಗಡೆ ಮಾತ್ರ ಬಿಸಿ, ಕೆಳಗೆಲ್ಲ ತಣ್ಣಗೆ. ಅಷ್ಟು ದೊಡ್ಡದು ಬೇಕೇ ಇರಲಿಲ್ಲ. ಆಯಿಲ್ ಕೂಲರ್ ಹತ್ತಿರ ಕೈ ಒಯ್ಯಲಾಗಲಿಲ್ಲ, ಕೆಂಡ.

"ಆ ಮೂರು ಮೂಲೇದನ್ನ ತಣ್ಣಗಿಡೋದು ಯಾವ್ದೇ?"

"ಆಯಿಲ್ಲೇ ಅಜ್ಜಿ."

"ಮೊದ್ಲೇ ಹೇಳೋಕೇನಾಗಿತ್ತು!"

"ನೀನೇ ಸುಮ್ನಿರು ಅಂದ್ಯಲ್ಲ!"

ನಾನು ಆರಿಸಿದ್ದನ್ನು ನಾನೇ ಬಿಚ್ಚಿಸಿದೆ. ನೀರಿಗೆ ಅರ್ಧ ಅಳತೆಯದು ಹಾಕಿಸಿ, ಉಳಿದ ಜಾಗ, ಉಳಿದ ತೂಕ ಎಲ್ಲವನ್ನೂ ದಪ್ಪನೆಯ ಆಯಿಲ್ ಕೂಲರಿಗೆ ಕೊಟ್ಟೆ.

ಮುಂದಿನ ಭಾನುವಾರ ಅರ್ಧ ಗಂಟೆ ಓಡಿಸಿದರೂ ಎರಡು ಮುಳ್ಳೂ ನಡುವೆಯೇ ನಿಂತವು. ಅವಳು ಓಡಿ ಬಂದು ನನ್ನನ್ನು ಎತ್ತಿಯೇಬಿಟ್ಟಳು. ಅಯ್ಯೋ, ಆ ಖುಷಿಯನ್ನು ಎಲ್ಲಿಡಲಿ! ಯಜಮಾನರು ಇರಬೇಕಿತ್ತು.

ಅವಳಿಗೆ ಇನ್ನೂ ಕೆಲಸವಿತ್ತು. ನಾನೊಬ್ಬಳೇ ಮೆಟ್ರೋ ಹತ್ತಿದೆ. ರೈಲಿನ ತುಂಬ ಜನ, ಎಲ್ಲರೂ ಫೋನಿನಲ್ಲಿ ಮುಳುಗಿದ್ದರು. ಪಕ್ಕದ ಹುಡುಗಿ ನನ್ನ ಕೈ ನೋಡಿ, "ಏನ್ ಅಜ್ಜಿ, ಮಸಿ ಮೆತ್ಕೊಂಡಿದೀರಾ?" ಎಂದಳು.

"ವಿಮಾನದ ಆಯಿಲ್ ಕಣಮ್ಮ" ಎಂದೆ.

ಅವಳು ಕಿವಿಯ ವೈರು ತೆಗೆದು ನನ್ನ ಕಡೆ ತಿರುಗಿದಳು. ಹೇಳಿದೆ, ಎಲ್ಲ ಹೇಳಿದೆ. ಮುಗಿಯುವಷ್ಟರಲ್ಲಿ ನಾನಿಳಿಯಬೇಕಿದ್ದ ದೀಪಾಂಜಲಿ ನಗರ ದಾಟಿ ವಿಜಯನಗರ ಬಂದಿತ್ತು.