ಇನ್ನೂ ಕೊಳ್ಳದ ಗ್ರಾಫಿಕ್ಸ್ ಕಾರ್ಡು

ಐವತ್ತೆರಡು ತುಂಬಿದ, ಮಂಡಿನೋವಿನ, ಕೊಬ್ಬರಿ ವ್ಯಾಪಾರದ ಗಂಡಸೊಬ್ಬ ದಿನಾ ಸಂಜೆ ಏಳಕ್ಕೆ ಕಂಪ್ಯೂಟರಿನ ಮುಂದೆ ಕೂತು ಲಾರಿ ಓಡಿಸುವ ಆಟ ಆಡುತ್ತಿದ್ದ ಎಂದರೆ ನಿಮಗೆ ನಗು ಬರುವುದು ಸಹಜ. ನಗಿ, ಬೇಜಾರಿಲ್ಲ. ಅರಸೀಕೆರೆಯಲ್ಲಿ ನನ್ನನ್ನು ಬಲ್ಲವರೆಲ್ಲ ಈಗಾಗಲೇ ನಕ್ಕು ಸುಸ್ತಾಗಿದ್ದಾರೆ. ಆಟವೂ ಹೇಳಿಕೊಳ್ಳುವಂಥದ್ದಲ್ಲ. ಅದರಲ್ಲಿ ಯಾರನ್ನೂ ಗುಂಡಿಕ್ಕಿ ಕೊಲ್ಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ಒಂದು ಊರಲ್ಲಿ ಸರಕು ತುಂಬಿ ಇನ್ನೊಂದೂರಲ್ಲಿ ಇಳಿಸುವುದು, ಅಷ್ಟೆ. ಹಗಲೆಲ್ಲ ನಿಜವಾದ ಲಾರಿಗೆ ನಿಜವಾದ ಕೊಬ್ಬರಿ ಮೂಟೆ ಹೇರಿಸಿ ಬಂದು, ಸಂಜೆ ಸುಳ್ಳು ಲಾರಿಗೆ ಸುಳ್ಳು ಸರಕು ಹೇರುತ್ತಿದ್ದ ನನ್ನ ಬುದ್ಧಿಯ ಬಗ್ಗೆ ನನಗೇ ಹೆಚ್ಚಿನ ಗೌರವವಿಲ್ಲ.

ಆದರೆ ಆ ಸುಳ್ಳು ರಸ್ತೆಯಲ್ಲಿ ನಾನು ಒಬ್ಬನೇ ಹೋಗುತ್ತಿರಲಿಲ್ಲ. ಇಂಟರ್‌ನೆಟ್ ಇದ್ದರೆ ಬೇರೆ ಬೇರೆ ಊರಲ್ಲಿ ಕೂತವರು ಒಟ್ಟಿಗೆ ಹಿಂದೆ ಮುಂದೆ ಲಾರಿ ಓಡಿಸಬಹುದು. ನನ್ನ ಜೊತೆಗಾರ ನನ್ನ ತಮ್ಮ ಲೋಕೇಶ. ಮದುವೆಯಾದ ಮೇಲೆ ಅವನು ಅರೇಹಳ್ಳಿಯ ಹೆಂಡತಿ ಮನೆಯಲ್ಲೇ ನಿಂತು ಅವರ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾನೆ. ಮೂರು ವರ್ಷದ ಹಿಂದೆ ನಮ್ಮ ತೆಂಗಿನ ತೋಟ ಪಾಲಾಯಿತು. ಬದುವಿನ ಮೇಲೆ ನಿಂತ ನಾಲ್ಕು ಮರ ಯಾರಿಗೆ ಎಂಬಲ್ಲಿ ಮಾತು ಬೆಳೆಯಿತು. ಪಂಚಾಯ್ತಿಗೆ ಕೂತವರ ಎದುರಿಗೇ ನಾನು, "ಹೆಂಡ್ತಿ ಮನೇಲಿ ಉಣ್ಣೋನಿಗೆ ತೆಂಗಿನ ಮರ ಯಾಕೆ" ಅಂದೆ. ಹಾಗನ್ನಬಾರದಿತ್ತು. ಅಂದ ಮರುಕ್ಷಣವೇ ನನಗದು ಗೊತ್ತಾಯಿತು. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಂದಿನಿಂದ ಮಾತಿಲ್ಲ. ಆ ನಾಲ್ಕು ಮರದ ಕಾಯನ್ನು ಅವನೂ ಕೀಳಿಸುವುದಿಲ್ಲ, ನಾನೂ ಕೀಳಿಸುವುದಿಲ್ಲ. ಬಿದ್ದಲ್ಲೇ ಮೊಳಕೆಯೊಡೆಯುತ್ತಿವೆ.

ಜಗಳವಾದ ಮಾರನೆಯ ಸಂಜೆ ಅಭ್ಯಾಸಬಲದಿಂದ ಕಂಪ್ಯೂಟರ್ ಹಾಕಿದೆ. ಆಟದೊಳಗಿನ ಪೆಟ್ರೋಲ್ ಬಂಕಿನಲ್ಲಿ, ನಾವು ದಿನಾ ಸೇರುತ್ತಿದ್ದ ಜಾಗದಲ್ಲೇ, ಅವನ ನೀಲಿ ಲಾರಿ ಲೈಟು ಹಾಕಿಕೊಂಡು ನಿಂತಿತ್ತು. ಪರದೆಯ ಮೇಲೆ ಬರೆದು ಮಾತಾಡುವ ಅನುಕೂಲವಿದ್ದರೂ ಅವನೂ ಏನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾನು ಹೊರಟೆ, ಅವನು ಹಿಂದೆ ಬಂದ. ಹೀಗೇ ಮೂರು ವರ್ಷ ನಡೆಯಿತು. ಮುಂದೆ ತಿರುವಿದ್ದರೆ ನಾನು ಇಂಡಿಕೇಟರ್ ಹಾಕುತ್ತಿದ್ದೆ, ಗೊತ್ತಾಯಿತು ಎಂಬಂತೆ ಅವನು ಒಮ್ಮೆ ಲೈಟು ಮಿಟುಕಿಸುತ್ತಿದ್ದ. ಆಟದ ರಸ್ತೆಗಳಿರುವುದು ಯಾವುದೋ ಹಿಮ ಬೀಳುವ ದೇಶದಲ್ಲಿ; ಅಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ನಾವಿಬ್ಬರು ಮಾತ್ರ ಹೊಡೆಯುತ್ತಿದ್ದೆವು. ಹೊರಡುವಾಗ ಒಂದು, ಮುಗಿಸುವಾಗ ಎರಡು. ನನ್ನ ತಮ್ಮ ಚೆನ್ನಾಗಿದ್ದಾನೆ ಎನ್ನುವುದಕ್ಕೆ ನನಗಿದ್ದ ಆಧಾರ ಆ ಎರಡು ಹಾರನ್ನುಗಳೇ.

ಇದಕ್ಕೂ ಕಲ್ಲು ಹಾಕಲೆಂದೇ ಆಟದ ಹೊಸ ಆವೃತ್ತಿ ಬಂತು. ಒಂದು ಸಂಜೆ ಕೂತರೆ, ನಿಮ್ಮ ಗ್ರಾಫಿಕ್ಸ್ ಕಾರ್ಡು ಇದಕ್ಕೆ ಸಾಲದು ಎಂದು ಪರದೆಯೇ ನನಗೆ ಹೇಳಿತು. ಗ್ರಾಫಿಕ್ಸ್ ಕಾರ್ಡು ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಗೆ ಚಿತ್ರ ಬಿಡಿಸಿಕೊಡುವ ಸಾಮಾನು. ನನ್ನದಕ್ಕೆ ವಯಸ್ಸಾಗಿತ್ತು. ಇಬ್ಬರ ಹತ್ತಿರವೂ ಒಂದೇ ಆವೃತ್ತಿ ಇಲ್ಲದಿದ್ದರೆ ಜೊತೆಗೆ ಓಡಿಸುವ ಹಾಗಿಲ್ಲ. ತಮ್ಮನ ಕಂಪ್ಯೂಟರ್ ಹೊಸದು, ಅವನು ಆಗಲೇ ಹೊಸ ರಸ್ತೆಗೆ ಹೋಗಿರುತ್ತಾನೆ. ಬಂಕಿನಲ್ಲಿ ಲೈಟು ಹಾಕಿಕೊಂಡು ನಿಂತಿರುತ್ತಾನೆ.

ನನ್ನ ಹೆಂಡತಿ ಹಿಂದೆ ನಿಂತು ಇದನ್ನೆಲ್ಲ ನೋಡಿ, "ಫೋನ್ ಮಾಡಿ ಮಾತಾಡೋಕೆ ಯಾವ ಕಾರ್ಡೂ ಬೇಡ ಕಣ್ರೀ" ಅಂದಳು. ಮನೆಯಲ್ಲಿ ಬುದ್ಧಿವಂತರಿದ್ದರೆ ಇದೇ ತೊಂದರೆ. ನಾನು ಕೇಳಿಸದವನಂತೆ ಕಾರ್ಡು ಹುಡುಕಲು ಕೂತೆ.

ಹುಡುಕಿ ನೋಡಿ, ಆಗ ನನ್ನ ಸಂಕಟ ಗೊತ್ತಾದೀತು. ಕಾರ್ಡುಗಳಿಗೆ ಹೆಸರಿಲ್ಲ, ಬರೀ ನಾಲ್ಕಂಕಿಯ ಸಂಖ್ಯೆ. ದೊಡ್ಡ ಸಂಖ್ಯೆಯದು ದೊಡ್ಡ ಕಾರ್ಡಿರಬೇಕು ಎಂದುಕೊಂಡರೆ ಅದೂ ಅಲ್ಲ. ಹಿಂದಿನ ಸಂತತಿಯ ಅಣ್ಣ ಈಗಿನ ಸಂತತಿಯ ತಮ್ಮನಿಗಿಂತ ಗಟ್ಟಿಯಂತೆ. ವಿಡಿಯೊದಲ್ಲಿ ಒಬ್ಬ ಕಣ್ಣುಮುಚ್ಚಿ ಇದನ್ನೇ ಕೊಳ್ಳಿ ಎನ್ನುತ್ತಾನೆ. ಅದೇ ಕಾರ್ಡು ಹಿಡಿದು ಇನ್ನೊಬ್ಬ ಮರೆತೂ ಕೊಳ್ಳಬೇಡಿ ಎನ್ನುತ್ತಾನೆ. ಒಂದು ವಾರ ಇಬ್ಬರನ್ನೂ ನಂಬಿದೆ. ಕಡೆಗೆ ಬೇಸತ್ತು ನಡುವಿನದೊಂದನ್ನು ಆರಿಸಿದರೆ, ಅದಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನೂ ಬದಲಿಸಬೇಕು, ನಿಮ್ಮ ಹಳೆಯದು ತಡೆಯುವುದಿಲ್ಲ ಎಂದು ಮೂರನೆಯವನು ಹೆದರಿಸಿದ.

ನಮ್ಮ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ರುದ್ರೇಶನನ್ನು ಕೇಳಿದೆ. ಕರೆಂಟಿನ ವಿಷಯ ಅವನಿಗಿಂತ ಬಲ್ಲವರು ನನಗೆ ಗೊತ್ತಿಲ್ಲ.

"ಎಷ್ಟು ಎಚ್‌ಪಿದಣ್ಣ?" ಅಂದ.

"ಎಚ್‌ಪಿ ಅಲ್ಲ ಕಣೋ, ವ್ಯಾಟು. ಏಳ್ನೂರೈವತ್ತು."

"ಹಂಗಾದ್ರೆ ಒಂದು ಎಚ್‌ಪಿ ಆಯ್ತಲ್ಲ. ಒಂದು ಎಚ್‌ಪಿ ಮೋಟ್ರು ಹಾಕಿದ್ರೆ ತೊಟ್ಟಿಗೆ ನೀರು ಬತ್ತದೆ. ಇದನ್ನ ಹಾಕಿದ್ರೆ ಏನ್ ಬತ್ತದೆ?"

ತಮ್ಮ ಬತ್ತಾನೆ ಎನ್ನಬೇಕೆಂದುಕೊಂಡೆ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಬಗ್ಗೆ ಹೇಳಬೇಕು. ಉಂಡೆ ಕೊಬ್ಬರಿ ಆಗಬೇಕಾದರೆ ಸಿಪ್ಪೆಯ ಸಮೇತ ಕಾಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನಮ್ಮಪ್ಪ ನಮ್ಮಿಬ್ಬರನ್ನೂ ಅಂಗಡಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕೈಗೊಂದೊಂದು ಕೊಬ್ಬರಿ ಕೊಡುತ್ತಿದ್ದರು. "ಯಾವ್ದು ಭಾರ?" ಎಂದು ಕೇಳಿ, ಹೇಳಿದ ಮೇಲೆ, "ಭಾರ ತಿರುಳಿಂದೋ ತೇವದ್ದೋ?" ಎಂದು ಕೇಳುವರು. ತಮ್ಮ ಎರಡಕ್ಕೂ ಸರಿಯಾಗಿ ಹೇಳುತ್ತಿದ್ದ. ನಾನು ಮೊದಲನೆಯದಕ್ಕೆ ಮಾತ್ರ. ಆದರೂ ಅಂಗಡಿ ನನ್ನ ಪಾಲಿಗೆ ಬಂತು, ಯಾಕೆಂದರೆ ನಾನು ದೊಡ್ಡವನು.

ಈ ಅರ್ಧ ವಿದ್ಯೆ ಹೊತ್ತು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅದನ್ನು ನಡೆಸುವ ಶೋಭಾ ಎಂಬಾಕೆ ಬಲು ತಾಳ್ಮೆಯ ಹೆಂಗಸು. ಕಾರ್ಡು ಕೊಟ್ಟು, ಅದಕ್ಕೆ ತಕ್ಕದೆಂದು ಒಂದು ಕಪ್ಪು ಎಸ್‌ಎಂಪಿಎಸ್ ತೆಗೆದಿಟ್ಟರು. ಕೈಗೆತ್ತಿಕೊಂಡೆ, ಹಗುರ. ಪಕ್ಕದ ಕಪಾಟಿನಲ್ಲಿ ಬೂದು ಬಣ್ಣದ್ದೊಂದಿತ್ತು. ಅದನ್ನೆತ್ತಿದೆ, ಕೈ ಜಗ್ಗಿತು. ಮೇಲೆ ಬರೆದ ವ್ಯಾಟು ಎರಡಕ್ಕೂ ಒಂದೇ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ. ಸದ್ದು ಬರಲಿಲ್ಲ. ಎಸ್‌ಎಂಪಿಎಸ್ಸಿನಲ್ಲಿ ಸದ್ದು ಬರಬೇಕೋ ಬರಬಾರದೋ ಎಂಬುದು ಆಮೇಲೆ ಹೊಳೆದ ಪ್ರಶ್ನೆ.

"ಸಾರ್, ಅದು ಅಂಗಡಿ ಬಿಲ್ಲಿಂಗ್ ಕಂಪ್ಯೂಟರಿಗೆ ಅಂತ ಇಟ್ಟಿರೋದು. ಆಟಕ್ಕೆ ತಡೆಯಲ್ಲ, ಈ ಕಪ್ಪುದನ್ನೇ ತಗೊಳ್ಳಿ" ಎಂದರು ಆಕೆ.

"ಇದು ಒಳ್ಳೆ ಭಾರ ಐತಲ್ಲಮ್ಮ."

"ಇದನ್ನ ತೂಕಕ್ಕೆ ಮಾರಲ್ಲ ಸಾರ್."

ಮೂವತ್ತು ವರ್ಷ ಕೊಬ್ಬರಿ ತೂಗಿದ ಕೈಗೆ ಬುದ್ಧಿ ಹೇಳಲು ಈಕೆ ಯಾರು ಎಂದುಕೊಂಡು ಭಾರದ್ದನ್ನೇ ತಂದೆ. ಮೊದಲ ಸಂಜೆ ಚೆನ್ನಾಗಿ ನಡೆಯಿತು. ಬಂಕಿನಲ್ಲಿ ನೀಲಿ ಲಾರಿ ನಿಂತಿತ್ತು. ಎಷ್ಟು ದಿನ ಕಾದಿದ್ದನೋ, ನಾನು ಕಂಡದ್ದೇ ಒಂದರ ಬದಲು ಮೂರು ಹಾರನ್ ಹೊಡೆದ. ಎರಡನೆಯ ಸಂಜೆ, ಹಿಮದ ಒಂದು ಘಾಟಿ ಹತ್ತುತ್ತಿರುವಾಗ, ಕಾಲ ಬಳಿ ಫಟ್ ಎಂದಿತು. ಪರದೆ ಕಪ್ಪಾಯಿತು. ಸುಟ್ಟ ವಾಸನೆಗೆ ಹೆಂಡತಿ ಅಡುಗೆಮನೆಯ ಒಲೆ ನೋಡಿ ಬಂದಳು. ಎಸ್‌ಎಂಪಿಎಸ್ ತಾನು ಹೋಗಿದ್ದಲ್ಲದೆ ಹೊಸ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಶೋಭಾ ಡಬ್ಬಿ ಬಿಚ್ಚಿ ತೋರಿಸಿದರು. ಒಳಗೆ ನಾಲ್ಕಾರು ಬಡಕಲು ಸಾಮಾನು. ಮಗ್ಗುಲಲ್ಲಿ ಅಂಗೈ ಅಗಲದ ಕಬ್ಬಿಣದ ತುಂಡೊಂದನ್ನು ಅಂಟು ಹಾಕಿ ಕೂರಿಸಿದ್ದರು. ಭಾರ ಬರಲೆಂದು ಮಾತ್ರ. ನನ್ನಂಥವನು ಬಂದೇ ಬರುತ್ತಾನೆ ಎಂದು ಎಲ್ಲೋ ದೂರದ ಕಾರ್ಖಾನೆಯಲ್ಲಿ ಕೂತವನಿಗೆ ಗೊತ್ತಿತ್ತು. ಭಾರ ಯಾತರದು ಎಂದು ಕೇಳಿಕೊಳ್ಳದ ಹೆಡ್ಡತನ ನನ್ನದು. ಪಾಲಿನ ದಿನ ಆಡಿದ ಮಾತನ್ನೂ ಹಾಗೇ ಆಡಿದ್ದೆನಲ್ಲ. ಭಾರವಾಗಿ ಬಿದ್ದರೆ ಸಾಕು ಎಂದು.

ನಾಲ್ಕು ದಿನ ಕಳೆಯಿತು. ಏಳು ಗಂಟೆಯಾದರೆ ಹೋಗಿ ಕಪ್ಪು ಪರದೆಯ ಮುಂದೆ ಕೂರುತ್ತಿದ್ದೆ. ಅವನು ಬಂಕಿನಲ್ಲಿ ನಿಂತಿದ್ದಾನೆ ಎಂದು ನೆನೆಸಿಕೊಂಡರೂ ಸಂಕಟ, ನಿಂತಿಲ್ಲ ಎಂದು ನೆನೆಸಿಕೊಂಡರೆ ಇನ್ನೂ ಸಂಕಟ. ಐದನೆಯ ದಿನ, ಅರೇಹಳ್ಳಿಗೇ ಹೋಗಿ ಹೇಳಿಬಿಡುತ್ತೇನೆ ಎಂದು ಬಸ್ಸು ಹತ್ತಿದೆ. ಹಳೇಬೀಡಿನವರೆಗೆ ಧೈರ್ಯವಿತ್ತು. ಅಲ್ಲಿ ಇಳಿದು ಬೇಲೂರಿನ ಬಸ್ಸು ಕಾಯುತ್ತ ನಿಂತವನಿಗೆ, ಅವನ ಹೆಂಡತಿ ಬಾಗಿಲು ತೆಗೆದರೆ ಏನೆನ್ನುವುದು ಎಂಬ ಯೋಚನೆ ಬಂತು. ಆಕೆಯ ಮನೆಯ ಅನ್ನವನ್ನೇ ನಾನು ಆಡಿಕೊಂಡಿದ್ದು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಗುಡಿ ನೋಡಲು ಬಂದ ಶಾಲೆ ಮಕ್ಕಳ ಸಾಲೊಂದು ನನ್ನನ್ನು ಸುತ್ತಿಕೊಂಡು ದಾಟಿತು. ನನಗಾದಷ್ಟು ನಾಚಿಕೆ ಯಾವ ಶತ್ರುವಿಗೂ ಬೇಡ. ಕೆರೆ ಏರಿಯ ಕಡೆ ನಡೆದು, ಒಂದು ಕಲ್ಲಿನ ಮೇಲೆ ಕೂತು, ಫೋನು ಒತ್ತಿದೆ.

ಅವನು ಎತ್ತಿದ.

"ಲೋಕಿ, ನಾನು ಕಣೋ."

"ಗೊತ್ತು. ನಂಬರ್ ಐತೆ."

"ಎಸ್‌ಎಂಪಿಎಸ್ ಸುಟ್ಟೋಯ್ತು. ಕಾರ್ಡೂ ಹೋಯ್ತು."

"ಅದಕ್ಕಾ ಬರ್ಲಿಲ್ಲ?"

"ಹೂಂ."

"ನಾನು ಇದೂ ಪಾಲಾಯ್ತು ಅಂದ್ಕೊಂಡೆ" ಅಂದ. ಆಮೇಲೆ, "ಎಷ್ಟು ವ್ಯಾಟಿಂದು ಹಾಕಿದ್ದೆ?" ಅಂದ.

ತಪ್ಪಾಯಿತು ಎನ್ನಲು ಕೂತಿದ್ದೆ. ಬಂದದ್ದು ವ್ಯಾಟಿನ ಮಾತು. ಕೆರೆಯ ಮೇಲೆ ಬಿಸಿಲು ಇಳಿಯುವವರೆಗೆ ಅಣ್ಣ ತಮ್ಮ ಎಸ್‌ಎಂಪಿಎಸ್ ಬಗ್ಗೆ ಮಾತಾಡಿದೆವು. ಪಿನ್ನು, ಫ್ಯಾನು, ಕೇಬಲ್ಲು, ಗ್ಯಾರಂಟಿ. ಅವನು ಬಯ್ದ, ನಾನು ಬಯ್ಯಿಸಿಕೊಂಡೆ. ಫೋನಿಡುವಾಗ, "ಕಾರ್ಡು ಆರಿಸೋ ಮುಂಚೆ ನನ್ನ ಕೇಳು" ಅಂದ. ಮನೆಗೆ ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತೆ. ಗಂಡಸು ಐವತ್ತೆರಡರಲ್ಲಿ ಅಳುವುದು ಅಕ್ಕಪಕ್ಕದವರಿಗೆ ತೊಂದರೆ.

ಇದಾಗಿ ಎರಡು ತಿಂಗಳು. ದಿನಾ ಏಳು ಗಂಟೆಗೆ ಫೋನು ಮಾಡಿ ಅವನನ್ನು ಕೇಳುತ್ತಿದ್ದೇನೆ. ಶೋಭಾ ನನಗೆಂದು ಎರಡು ಸಲ ಕಾರ್ಡು ತೆಗೆದಿಟ್ಟು, ಎರಡು ಸಲವೂ ಬೇರೆಯವರಿಗೆ ಕೊಟ್ಟರು. ನಿಜ ಹೇಳಬೇಕೆಂದರೆ ಈಗ ನನಗೆ ಎಲ್ಲ ಗೊತ್ತು. ಯಾವ ಕಾರ್ಡಿಗೆ ಎಷ್ಟು ವ್ಯಾಟು, ಯಾವ ಡಬ್ಬಿಯೊಳಗೆ ಏನಿದೆ, ಯಾರನ್ನು ಬೇಕಾದರೂ ಕೂರಿಸಿ ಹೇಳಿಕೊಡಬಲ್ಲೆ. ಹೋಗಿ ತರುವುದು ಅರ್ಧ ಗಂಟೆಯ ಕೆಲಸ. ಆದರೆ ತಂದ ಸಂಜೆಯಿಂದ ನಾವು ಮತ್ತೆ ಹಾರನ್ ಹೊಡೆಯುವವರಾಗುತ್ತೇವೆ. ಸಂದೇಹವಿಲ್ಲದಿದ್ದರೆ ನಾನು ಯಾವ ಮುಖ ಹೊತ್ತು ಫೋನು ಮಾಡಲಿ? ಮರದ ಮಾತು ಇನ್ನೂ ಬಂದಿಲ್ಲ. ನಾನಂದ ಮಾತಿನ ಮಾತೂ ಬಂದಿಲ್ಲ. ಅದನ್ನೆತ್ತುವ ಧೈರ್ಯ ಬರುತ್ತದೆಂಬ ನಂಬಿಕೆ ನನಗಿಲ್ಲ. ಹಾಗಾಗಿ ದಿನವೂ ಒಂದು ಹೊಸ ಸಂದೇಹ ಹುಡುಕುತ್ತೇನೆ. ಕಂಪ್ಯೂಟರಿನ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಹಿಡಿಸುತ್ತದೋ ಇಲ್ಲವೋ ಎಂಬ ಒಂದೇ ಸಂದೇಹವನ್ನು ಆರು ದಿನ ಎಳೆದೆ.

ನಿನ್ನೆ ಸಂಜೆ ಎಲ್ಲ ಕೇಳಿಸಿಕೊಂಡು ಅವನು, "ಅಣ್ಣ, ಮೊನ್ನೆ ಹೇಳಿದ್ಯಲ್ಲ, ಅದೇ ಸರಿ. ಅದನ್ನೇ ತಗೊಂಬಿಡು. ಎಸ್‌ಎಂಪಿಎಸ್ಸೂ ಸಾಕಾಗ್ತದೆ" ಅಂದ.

ಕೇಳಲು ಏನಾದರೂ ಉಳಿದಿದೆಯೇ ಎಂದು ತಡಕಾಡಿದೆ. ಒಂದೂ ಸಿಗಲಿಲ್ಲ. ಸರಿ ಎಂದು ಫೋನಿಡುವುದೊಂದೇ ಬಾಕಿ. ಆ ಕಡೆ ಅವನ ಮನೆಯಲ್ಲಿ ಕುಕ್ಕರ್ ಕೂಗಿತು, ಯಾರೋ ಹೋಗಿ ಒಲೆ ಆರಿಸಿದರು. ಅವನೂ ಫೋನಿಡಲಿಲ್ಲ.

"ಆದ್ರೆ ಅಣ್ಣ," ಅಂದ ನಿಧಾನಕ್ಕೆ, "ಮುಂದಿನ್ ತಿಂಗ್ಳು ಹೊಸಾ ಕಾರ್ಡು ಬತ್ತದಂತೆ. ಕಾಯಾಣ?"

"ಕಾಯಾಣ ಕಣೋ" ಅಂದೆ. "ಅರ್ಜೆಂಟೇನಿಲ್ಲ."